ಕಾರಿನ ಹಿಂದೆ ಕಟ್ಟಿದ ಹಾಯಿದೋಣಿ

(ಕ್ಯಾನ್‌ಬೆರಾದಲ್ಲಿ ನಾವು ಕನ್ನಡಿಗರು ಆಗಾಗ ಸೇರುವ ಸಂಜೆ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ. ಬರೆಯುವಾಗ ಕೆಲವು ಕಡೆ ಸ್ವಲ್ಪ ಬಿಡಿಸಿ ಹೇಳಿದ್ದೇನೆ. ಸಭೆಯಿಂದ ಬಂದ ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಇಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಕೂಟದಲ್ಲಿ ತೆರಿಗೆ ಬಗ್ಗೆ ಮಾತಾಗಿದೆ. ಮಕ್ಕಳಿಗೆ ಕನ್ನಡ ಕಲಿಸುವುದರ ಬಗ್ಗೆ ಆಗಿದೆ. ಇಲ್ಲಿನ ಚಳಿಯಲ್ಲಿ ಕರಿಬೇವಿನ ಗಿಡ ಉಳಿಸಿಕೊಳ್ಳೋದು ಹೇಗೆ ಅಂತಂತೂ ಪ್ರತಿ ಸಲ ಊಟದ ಹೊತ್ತಿಗೆ ಚರ್ಚೆ ಆಗುತ್ತದೆ. ಹಾಯಿದೋಣಿ ರೇಸಿನ ಬಗ್ಗೆ ಮಾತಾಡುತ್ತೇನೆ ಅಂದಾಗ ಕೂಟ ನಡೆಸುವ ಹಿರಿಯರು ನನ್ನನ್ನೇ ನೋಡಿ ಕೇಳಿದರು: "ಅದು ದುಡ್ಡಿರೋರ ಆಟ ಅಲ್ವೇನಮ್ಮಾ?"

ಕೇಳಬೇಕಾದ ಪ್ರಶ್ನೆಯೇ. ನಾವೆಲ್ಲ ಟಿವಿಯಲ್ಲಿ ನೋಡುವುದು ಸಿಡ್ನಿ–ಹೋಬಾರ್ಟ್ ರೇಸು. ಡಿಸೆಂಬರ್ 26ಕ್ಕೆ ಸಿಡ್ನಿ ಬಂದರಿನಿಂದ ಹೊರಡುತ್ತದೆ, 628 ನಾಟಿಕಲ್ ಮೈಲಿ, 1945ರಿಂದ ನಡೆದುಕೊಂಡು ಬಂದಿದೆ. ಮುಂದೆ ಓಡುವ ದೋಣಿಗಳು ನೂರು ಅಡಿ ಉದ್ದ. ಅದು ದುಡ್ಡಿರೋರ ಆಟವೇ, ಸುಳ್ಳು ಯಾಕೆ ಹೇಳಲಿ. ನಾನು ಹೇಳಹೊರಟಿರುವುದು ಬೇರೆ ಲೋಕದ ವಿಷಯ. ನಿಮ್ಮ ಬೀದಿಯಲ್ಲೇ ಯಾರದೋ ಮನೆಯ ಡ್ರೈವ್‌ವೇನಲ್ಲಿ, ನೀಲಿ ಟಾರ್ಪಾಲು ಹೊದ್ದುಕೊಂಡು, ಟ್ರೈಲರ್ ಮೇಲೆ ಕೂತಿರುವ ದೋಣಿ ನೋಡಿರುತ್ತೀರಿ. ವಾರವೆಲ್ಲ ಅದರ ಮೇಲೆ ಎಲೆ ಬಿದ್ದಿರುತ್ತದೆ. ಭಾನುವಾರ ಬೆಳಿಗ್ಗೆ ಅದು ಅಲ್ಲಿ ಇರುವುದಿಲ್ಲ. ಎಲ್ಲಿಗೆ ಹೋಗುತ್ತದೆ, ಅಲ್ಲಿ ಏನು ಮಾಡುತ್ತದೆ, ಇದೇ ಇವತ್ತಿನ ಮಾತು.

ಹಾಯಿದೋಣಿಯಲ್ಲಿ ದುಬಾರಿ ದೋಣಿಯಲ್ಲ, ಅದನ್ನು ನಿಲ್ಲಿಸುವ ಜಾಗ. ನೀರಲ್ಲೇ ಬಿಡಬೇಕಾದರೆ ಮರೀನಾದಲ್ಲಿ ಬಾಡಿಗೆ ಕಟ್ಟಬೇಕು. ತಳಕ್ಕೆ ಪಾಚಿ, ಚಿಪ್ಪು ಹತ್ತುತ್ತದೆ. ವರ್ಷಕ್ಕೊಮ್ಮೆಯಾದರೂ ಎತ್ತಿಸಿ ಉಜ್ಜಿಸಿ ಬಣ್ಣ ಹೊಡೆಸಬೇಕು. ಆ ಖರ್ಚನ್ನೆಲ್ಲ ಎರಡು ಚಕ್ರದ ಒಂದು ಟ್ರೈಲರ್ ತಪ್ಪಿಸಿಬಿಟ್ಟಿತು. ದೋಣಿ ಮನೆಗೇ ಬಂತು. ಹಳೆಯ ಟ್ರೈಲರ್ ದೋಣಿಯೊಂದು ಸೆಕೆಂಡ್ ಹ್ಯಾಂಡ್ ಕಾರಿನ ಬೆಲೆಗೆ ಸಿಗುತ್ತದೆ, ಎಷ್ಟೋ ಸಲ ಅದಕ್ಕಿಂತ ಕಡಿಮೆಗೆ. ಹುಡುಕುವ ತಾಳ್ಮೆ ಬೇಕು, ಅಷ್ಟೇ.

ಇದರ ಹಿಂದಿನ ಕಥೆ ಚಿಕ್ಕದಾಗಿ ಹೇಳುತ್ತೇನೆ. ನ್ಯೂಜಿಲೆಂಡಿನಲ್ಲಿ ರಿಚರ್ಡ್ ಹಾರ್ಟ್ಲಿ ಅಂತ ಒಬ್ಬ ದೋಣಿ ವಿನ್ಯಾಸಕ. 1950ರ ದಶಕದ ಕೊನೆಗೆ 16 ಅಡಿಯ ಒಂದು ಪ್ಲೈವುಡ್ ದೋಣಿ ರೂಪಿಸಿದರು. ಹೆಸರು ಟಿಎಸ್16. ಅವರು ದೋಣಿಗಿಂತ ಹೆಚ್ಚಾಗಿ ಮಾರಿದ್ದು ನಕ್ಷೆಯನ್ನು. ನಕ್ಷೆ ಕೊಂಡವರು ಮನೆಯ ಹಿತ್ತಲಲ್ಲಿ, ಶೆಡ್ಡಿನಲ್ಲಿ, ಕೆಲಸ ಮುಗಿಸಿ ಬಂದ ಮೇಲೆ ದೋಣಿ ಕಟ್ಟಿಕೊಂಡರು. ಆಸ್ಟ್ರೇಲಿಯಾದಲ್ಲೂ ಅದು ಹಬ್ಬಿತು. ಆಮೇಲೆ 70ರ ದಶಕದಲ್ಲಿ ಫೈಬರ್‌ಗ್ಲಾಸ್ ದೋಣಿಗಳು ಬಂದವು. ರಾಬ್ ಲೆಗ್ ರೂಪಿಸಿದ ಆರ್‌ಎಲ್24, ಬ್ರೂಸ್ ಫಾರ್ ರೂಪಿಸಿದ ಫಾರ್ 6000, ನ್ಯೂಜಿಲೆಂಡಿನ ನೋಯೆಲೆಕ್ಸ್. ಫಾರ್ 6000 ಅಂದರೆ 6000 ಮಿಲಿಮೀಟರ್, ಅಂದರೆ ಆರು ಮೀಟರ್ ಉದ್ದ. ಹೆಸರಲ್ಲೇ ಅಳತೆ ಇದೆ. ನಾನು ಹೋಗುವ ಹಾಯಿದೋಣಿ ಕ್ಲಬ್ಬಿನ ಪಾರ್ಕಿಂಗ್‌ನಲ್ಲಿ ಇವತ್ತಿಗೂ ಇವೇ ನಿಂತಿರುತ್ತವೆ. ನಲವತ್ತು ವರ್ಷದ ದೋಣಿ ಇಲ್ಲಿ ಹಳೆಯದು ಅನ್ನಿಸಿಕೊಳ್ಳುವುದಿಲ್ಲ.

ಇಲ್ಲಿ ಇಂಜಿನಿಯರುಗಳು ಜಾಸ್ತಿ ಇದ್ದೀರಿ, ಅದಕ್ಕೆ ಒಂದು ವಿಷಯ ಹೇಳಬೇಕು. ಈ ದೋಣಿಗಳ ಆಕಾರವನ್ನು ತೀರ್ಮಾನ ಮಾಡಿದ್ದು ಸಮುದ್ರವಲ್ಲ, ರಸ್ತೆ. ವಿಶೇಷ ಪರವಾನಗಿ ಇಲ್ಲದೆ ಇಲ್ಲಿನ ರಸ್ತೆಯಲ್ಲಿ 2.5 ಮೀಟರಿಗಿಂತ ಅಗಲದ್ದನ್ನು ಎಳೆಯುವ ಹಾಗಿಲ್ಲ. ಹಾಗಾಗಿ ದೋಣಿಯೂ 2.5 ಮೀಟರ್ ಒಳಗೇ ಇರಬೇಕು. ಟ್ರೈಲರ್ ಸೇರಿ 750 ಕಿಲೋ ದಾಟಿದರೆ ಬ್ರೇಕ್ ಬೇಕು, ಎರಡು ಟನ್ ದಾಟಿದರೆ ಇನ್ನೂ ಕಟ್ಟುನಿಟ್ಟು. ಹಾಗಾಗಿ ತೂಕವೂ ಮಿತಿಯಲ್ಲಿರಬೇಕು. ದೊಡ್ಡ ಹಾಯಿದೋಣಿಗೆ ಕೆಳಗೆ ಕೀಲ್ ಇರುತ್ತದೆ, ತಳದಿಂದ ನೀರೊಳಗೆ ಇಳಿದ ರೆಕ್ಕೆಯ ಹಾಗೆ. ಗಾಳಿ ದೋಣಿಯನ್ನು ಪಕ್ಕಕ್ಕೆ ತಳ್ಳುವಾಗ ಅದನ್ನು ತಡೆದು ಮುಂದಕ್ಕೆ ಓಡುವ ಹಾಗೆ ಮಾಡುವುದು ಈ ಕೀಲ್. ಅದು ಆಳಕ್ಕೆ ಇಳಿದಷ್ಟೂ ಒಳ್ಳೆಯದು. ಆದರೆ ಆಳದ ಕೀಲ್ ಇದ್ದರೆ ಟ್ರೈಲರ್ ಮೇಲೆ ಕೂರುವುದಿಲ್ಲ. ಅದಕ್ಕೇ ಇದರಲ್ಲಿ ಕೀಲನ್ನು ಒಳಗೆ ಎತ್ತಿಕೊಳ್ಳುವ ವ್ಯವಸ್ಥೆ ಇದೆ. ಹಾಯಿ ಕಟ್ಟುವ ಕಂಬ, ಅಂದರೆ ಮಾಸ್ಟ್, ಅದರ ಬುಡದಲ್ಲಿ ಬಾಗಿಲಿನ ತಿರುಗಣಿಯ ಥರದ ಮಡಚು ಇರುತ್ತದೆ, ಮಲಗಿಸಿ ಕಟ್ಟಿಕೊಂಡು ಹೋಗಬಹುದು. ಒಳಗೆ ಪುಟ್ಟ ಕ್ಯಾಬಿನ್. ಇಬ್ಬರು ಮಲಗಬಹುದು. ನಾಲ್ಕು ಜನ ಮಲಗಬಹುದು ಅಂತ ಜಾಹೀರಾತಿನಲ್ಲಿ ಬರೆದಿರುತ್ತದೆ, ಆ ನಾಲ್ಕು ಜನ ಯಾರೋ ನಾನು ನೋಡಿಲ್ಲ.

ಈಗ ನಮ್ಮ ಕೆರೆ. ಲೇಕ್ ಬರ್ಲಿ ಗ್ರಿಫಿನ್ ಪಕ್ಕದಲ್ಲೇ ನಾವೆಲ್ಲ ದಿನಾ ಓಡಾಡುತ್ತೇವೆ. ಆದರೂ ಅದು ಮನುಷ್ಯರು ಕಟ್ಟಿದ ಕೆರೆ ಅನ್ನುವುದನ್ನು ಮರೆತುಬಿಡುತ್ತೇವೆ, ಅಲ್ವಾ? 1912ರಲ್ಲಿ ರಾಜಧಾನಿಯ ನಕ್ಷೆಯ ಸ್ಪರ್ಧೆ ಗೆದ್ದದ್ದು ವಾಲ್ಟರ್ ಬರ್ಲಿ ಗ್ರಿಫಿನ್. ಆ ಸೊಗಸಾದ ಚಿತ್ರಗಳನ್ನು ಬರೆದದ್ದು ಅವರ ಹೆಂಡತಿ ಮೇರಿಯನ್. ನಕ್ಷೆಯ ನಡುವೆ ಕೆರೆ ಇತ್ತು, ನೆಲದ ಮೇಲೆ ಇರಲಿಲ್ಲ. ಮೊಲೊಂಗ್ಲೊ ನದಿಗೆ ಸ್ಕ್ರಿವೆನರ್ ಅಣೆಕಟ್ಟು ಕಟ್ಟಿ ಬಾಗಿಲು ಮುಚ್ಚಿದ್ದು 1963ರ ಸೆಪ್ಟೆಂಬರಿನಲ್ಲಿ. ಆಗ ಬರ. ನೀರು ತುಂಬಿದ್ದು 1964ರ ಏಪ್ರಿಲ್‌ನಲ್ಲಿ, ಮಳೆ ಬಂದ ಮೇಲೆ. ಗ್ರಿಫಿನ್ ಅದನ್ನು ನೋಡಲಿಲ್ಲ. ಅವರು ತೀರಿಕೊಂಡದ್ದು 1937ರಲ್ಲಿ. ಎಲ್ಲಿ ಗೊತ್ತಾ? ನಮ್ಮ ಲಖನೌನಲ್ಲಿ. ಅಲ್ಲಿನ ವಿಶ್ವವಿದ್ಯಾಲಯದ ಗ್ರಂಥಾಲಯದ ವಿನ್ಯಾಸಕ್ಕೆಂದು ಬಂದವರು ಅಲ್ಲೇ ಉಳಿದು ಕೆಲಸ ಮಾಡುತ್ತಿದ್ದರು. ಅವರ ಸಮಾಧಿ ಇರುವುದೂ ಅಲ್ಲೇ.

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ಕ್ಯಾನ್‌ಬೆರಾ ಯಾಟ್ ಕ್ಲಬ್ ಶುರುವಾದದ್ದು 1959ರಲ್ಲಿ. ಅಂದರೆ ಕೆರೆಗಿಂತ ಮೊದಲೇ ಕ್ಲಬ್ಬು! ಆಗ ದೋಣಿಗಳನ್ನು ಟ್ರೈಲರಿನಲ್ಲಿ ಕಟ್ಟಿಕೊಂಡು ಲೇಕ್ ಜಾರ್ಜ್‌ಗೆ ಹೋಗುತ್ತಿದ್ದರು. ಸಿಡ್ನಿಗೆ ಹೋಗುವಾಗ ಫೆಡರಲ್ ಹೈವೇ ಪಕ್ಕದಲ್ಲಿ ದೊಡ್ಡ ಬಯಲು ಸಿಗುತ್ತದಲ್ಲ, ಎಷ್ಟೋ ವರ್ಷ ಕುರಿ ಮೇಯುತ್ತಿರುತ್ತವೆ, ಅದೇ ಲೇಕ್ ಜಾರ್ಜ್. ಆಗ ಅದರಲ್ಲಿ ನೀರಿತ್ತು.

ನಮ್ಮ ಕೆರೆ ಉದ್ದಕ್ಕೆ 11 ಕಿಲೋಮೀಟರ್ ಇದ್ದರೂ ಅಗಲ ಇರುವ ಕಡೆಯೂ 1.2 ಕಿಲೋಮೀಟರ್ ಮಾತ್ರ. ಸರಾಸರಿ ಆಳ ನಾಲ್ಕು ಮೀಟರ್. ಮಜಾಕ್ಕೆ ಅಂತ ಪೆಟ್ರೋಲ್ ಮೋಟರ್‌ಬೋಟು ಓಡಿಸುವ ಹಾಗಿಲ್ಲ. ಹಾಗಾಗಿ ಹಾಯಿಗೆ ಇದು ಸ್ವರ್ಗ ಅಂದುಕೊಂಡರೆ, ಗಾಳಿ ಹಾಗೆ ಅಂದುಕೊಳ್ಳಲು ಬಿಡುವುದಿಲ್ಲ. ಸುತ್ತ ಗುಡ್ಡ, ಮರ, ಕಟ್ಟಡ. ಬ್ಲ್ಯಾಕ್ ಮೌಂಟನ್ ಕಡೆಯಿಂದ ಬರುವ ವಾಯುವ್ಯದ ಗಾಳಿ ಒಂದೇ ದಿಕ್ಕಿನಿಂದ ಬೀಸುವುದಿಲ್ಲ, ತುಂಡು ತುಂಡಾಗಿ ಬಂದು ಬಡಿಯುತ್ತದೆ. ಬೇಸಿಗೆಯ ಸಂಜೆ ಇದ್ದಕ್ಕಿದ್ದಂತೆ ಮೂಡುಗಾಳಿ. ಅದು ಕರಾವಳಿಯಿಂದ ಬೆಟ್ಟ ಹತ್ತಿ ಬಂದ ಸಮುದ್ರದ ಗಾಳಿ. ಅರ್ಧ ರೇಸಿನಲ್ಲಿ ಅದು ಬಂದರೆ ಮುಂದಿದ್ದವರು ಹಿಂದೆ, ಹಿಂದಿದ್ದವರು ಮುಂದೆ. ಕೆಲವು ಬೇಸಿಗೆಯಲ್ಲಿ ನೀಲಿ-ಹಸಿರು ಪಾಚಿ ಬಂದು ಕೆರೆಯ ಒಂದೊಂದು ಭಾಗ ಮುಚ್ಚುವುದೂ ಉಂಟು.

ಭಾನುವಾರ ಬೆಳಿಗ್ಗೆ ಏನಾಗುತ್ತದೆ? ರೇಸಿಗೆ ಎರಡು ಗಂಟೆ ಮೊದಲೇ ಬರಬೇಕು. ಮೊದಲ ಕೆಲಸ ಮೇಲೆ ನೋಡುವುದು. ಮಾಸ್ಟ್ ಅಲ್ಯೂಮಿನಿಯಂ. ಮೇಲೆ ವಿದ್ಯುತ್ ತಂತಿ ಇದ್ದ ಕಡೆ ಅದನ್ನು ಎತ್ತಿದರೆ ಅಲ್ಲೇ ಮುಗಿಯಿತು. ಈ ದೇಶದಲ್ಲಿ ಟ್ರೈಲರ್ ದೋಣಿಯವರ ದೊಡ್ಡ ಅಪಾಯ ನೀರಲ್ಲಿ ಅಲ್ಲ, ಪಾರ್ಕಿಂಗ್‌ನಲ್ಲಿ ಇದೆ ಅಂತ ನಮ್ಮ ಸ್ಕಿಪ್ಪರ್ ಹೇಳುತ್ತಿರುತ್ತಾರೆ. ಆಮೇಲೆ ಮಾಸ್ಟ್ ನಿಲ್ಲಿಸಿ, ಎಳೆತಂತಿಗಳನ್ನು ಬಿಗಿದು, ಹಾಯಿಯ ಬುಡದ ಅಡ್ಡಕೋಲು ಬೂಮ್ ಸಿಕ್ಕಿಸಿ, ಚುಕ್ಕಾಣಿ ಹಾಕಿ, ಹಾಯಿ ಜೋಡಿಸಿ, ದೋಣಿಯ ಹಿಂದಿನ ತೂತಿಗೆ ಬಿರಡೆ ಹಾಕಿದೆಯಾ ಅಂತ ಇಬ್ಬರು ಬೇರೆ ಬೇರೆಯಾಗಿ ನೋಡಿ, ಆಮೇಲೆ ದೋಣಿಯನ್ನು ನೀರಿಗೆ ಜಾರಿಸುವ ರ‍್ಯಾಂಪಿಗೆ. ರ‍್ಯಾಂಪಿನ ಮೇಲೆ ನಿಂತುಕೊಂಡು ಹಗ್ಗ ಬಿಡಿಸುತ್ತಾ ಕೂರಬಾರದು. ಹಿಂದೆ ಸಾಲು ಇರುತ್ತದೆ. ಯಾರೂ ಬೈಯುವುದಿಲ್ಲ, ಆದರೆ ಆಸ್ಟ್ರೇಲಿಯನ್ನರು ಏನೂ ಅನ್ನದೆ ನಿಂತರೆ ಅದೇ ಬೈಗುಳ.

ನಿಮಗೆಲ್ಲ ಅಚ್ಚರಿ ಆಗಬಹುದಾದ ವಿಷಯ ಈಗ ಬರುತ್ತದೆ. ಈ ರೇಸು ನಡೆಸುವವರು ಯಾರು? ಸಂಬಳದವರು ಅಲ್ಲ. ಅವತ್ತು ರೇಸು ಬಿಟ್ಟು ಕುಳಿತ ಸದಸ್ಯರು. ಪ್ರತಿ ದೋಣಿಗೂ ವರ್ಷದಲ್ಲಿ ಡ್ಯೂಟಿ ದಿನ ಬರುತ್ತದೆ. ಅವತ್ತು ನಿಮ್ಮ ದೋಣಿ ಓಡುವುದಿಲ್ಲ. ನೀವು ರೇಸು ಶುರುವಾಗುವ ಗೆರೆಯ ತುದಿಯಲ್ಲಿ ಕೂತು ಬಾವುಟ ಏರಿಸಬೇಕು, ಸಮಯ ಬರೆದುಕೊಳ್ಳಬೇಕು, ರಕ್ಷಣಾ ದೋಣಿಯಲ್ಲಿ ತಿರುಗಬೇಕು, ದಾರಿಯ ಗುರುತಿಗೆ ತೇಲುವ ಬೋಯ್ ಹೂಡಬೇಕು. ಹಾಗಾದರೆ ನಿಮ್ಮ ಸರಣಿಯ ಅಂಕ ಹೋಯಿತಾ? ಇಲ್ಲ. ಡ್ಯೂಟಿ ಮಾಡಿದವರಿಗೆ ಉಳಿದ ರೇಸುಗಳ ಸರಾಸರಿ ಅಂಕ ಕೊಡುತ್ತಾರೆ. ಕ್ಲಬ್ಬು ಬದುಕಿರುವುದೇ ಈ ಒಂದು ಸಾಲಿನ ನಿಯಮದಿಂದ ಅಂತ ನನಗೆ ಅನ್ನಿಸುತ್ತದೆ. ನಮ್ಮ ಸಂಘಗಳಲ್ಲಿ ದೀಪಾವಳಿ ಅಡುಗೆಗೆ ನಿಂತವರಿಗೆ ನಾಟಕ ನೋಡುವ ಭಾಗ್ಯ ಇರುವುದಿಲ್ಲ. ಅದೇ ಜನ ಪ್ರತಿ ವರ್ಷ ಅಡುಗೆಮನೆಯಲ್ಲೇ ಇರುತ್ತಾರೆ. ಸರಾಸರಿ ಅಂಕದ ಪದ್ಧತಿ ನಮ್ಮಲ್ಲೂ ಬರಲಿ! (ನಗು. ಅಡುಗೆಮನೆ ಬಾಗಿಲಿಂದ ಚಪ್ಪಾಳೆ.)

ಇನ್ನು ರೇಸಿನ ಶುರು. ಗೊತ್ತಿಲ್ಲದವರು ದಡದಲ್ಲಿ ನಿಂತು ನೋಡಿದರೆ ದೋಣಿಗಳು ಸುಮ್ನೆ ಗೊತ್ತುಗುರಿ ಇಲ್ಲದೆ ಸುತ್ತುತ್ತಿವೆ ಅನ್ನಿಸುತ್ತದೆ. ಓಟದ ಪಂದ್ಯದಲ್ಲಿ ಎಲ್ಲರೂ ಗೆರೆಯ ಹಿಂದೆ ನಿಂತುಕೊಳ್ಳಬಹುದು. ಹಾಯಿದೋಣಿಗೆ ಬ್ರೇಕೇ ಇಲ್ಲ, ನಿಲ್ಲಿಸುವುದು ಹೇಗೆ? ಅದಕ್ಕೆ ಐದು ನಿಮಿಷದ ಆಟ ಇದೆ. ಐದು ನಿಮಿಷ ಇರುವಾಗ ಒಂದು ಬಾವುಟ ಏರುತ್ತದೆ, ಹಾರ್ನ್ ಕೂಗುತ್ತದೆ. ನಾಲ್ಕು ನಿಮಿಷಕ್ಕೆ ಇನ್ನೊಂದು ಬಾವುಟ, ನೀಲಿಯ ನಡುವೆ ಬಿಳಿ ಚೌಕ. ಒಂದು ನಿಮಿಷಕ್ಕೆ ಅದು ಇಳಿಯುತ್ತದೆ. ಸೊನ್ನೆಗೆ ಮೊದಲ ಬಾವುಟವೂ ಇಳಿಯುತ್ತದೆ, ರೇಸು ಶುರು. ಹಾರ್ನ್ ನಂಬಬಾರದು, ಬಾವುಟವನ್ನೇ ನೋಡಬೇಕು. ನಿಯಮದಲ್ಲೇ ಹಾಗಿದೆ, ಹಾರ್ನ್ ಕೆಟ್ಟರೂ ರೇಸು ಶುರುವಾದ ಹಾಗೇ.

ಈ ಐದು ನಿಮಿಷದಲ್ಲಿ ಎಲ್ಲರಿಗೂ ಬೇಕಾಗಿರುವುದು ಒಂದೇ. ಬಾವುಟ ಇಳಿಯುವ ಕ್ಷಣಕ್ಕೆ ಗೆರೆಯ ಒಳ್ಳೆಯ ತುದಿಯಲ್ಲಿ, ಪೂರ್ತಿ ವೇಗದಲ್ಲಿ, ಗೆರೆಗೆ ಒಂದಡಿ ಹಿಂದೆ ಇರಬೇಕು. ಜಾತ್ರೆ ಸೀಸನ್ನಿನಲ್ಲಿ ಬಸ್ಸು ಇನ್ನೂ ನಿಲ್ದಾಣಕ್ಕೆ ತಿರುಗುತ್ತಿರುವಾಗಲೇ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರಲ್ಲ, ಅದೇ ಜಾಣತನ ಇಲ್ಲಿ ಬೇಕು. ಬೇಗ ಬಂದರೆ ಗೆರೆ ದಾಟಿಬಿಡುತ್ತೀರಿ, ಹೆಸರು ಕೂಗುತ್ತಾರೆ, ವಾಪಸ್ ಬಂದು ಮತ್ತೆ ಶುರು ಮಾಡಬೇಕು. ತಡವಾದರೆ ಮುಂದಿನವರ ಹಾಯಿ ತಿರುಚಿ ಬಿಟ್ಟ ಹಾಳು ಗಾಳಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ. ಹಾಗಾಗಿ ಹಾಯಿ ಸಡಿಲ ಬಿಟ್ಟು ನಿಧಾನ ಮಾಡುವುದು, ಬಿಗಿ ಮಾಡಿ ನುಗ್ಗುವುದು, ಪಕ್ಕದವರಿಗೆ ಜಾಗ ಕೊಡದೆ ಗಾಳಿ ಹೋಗುವ ಪಕ್ಕದಲ್ಲಿ ನಿಮಗೆ ಜಾಗ ಇಟ್ಟುಕೊಳ್ಳುವುದು. ಒಬ್ಬರು ಸೆಕೆಂಡು ಎಣಿಸುತ್ತಿರುತ್ತಾರೆ. ನಮ್ಮ ದೋಣಿಯಲ್ಲಿ ಆ ಕೆಲಸ ನನ್ನದು. ಕೊನೆಯ ಹತ್ತು ಸೆಕೆಂಡು ಮಾತ್ರ ನನ್ನ ಬಾಯಲ್ಲಿ ಕನ್ನಡದಲ್ಲೇ ಬರುತ್ತದೆ. ಸ್ಕಿಪ್ಪರ್‌ಗೆ ಈಗ ಅಭ್ಯಾಸ ಆಗಿಹೋಗಿದೆ. "ಎರಡು, ಒಂದು" ಅಂದರೆ ಅವರಿಗೆ ಗೊತ್ತು.

ಸಭೆಯಿಂದ ಒಬ್ಬ ಯುವಕ ಕೇಳಿದರು: "ಅಕ್ಕಾ, ಗಾಳಿ ಎದುರಿಗೆ ಇದ್ದರೆ ದೋಣಿ ಹೋಗೋದು ಹೇಗೆ?"

ನೇರ ಹೋಗುವುದಿಲ್ಲ. ಗಾಳಿಗೆ ಸುಮಾರು 45 ಡಿಗ್ರಿ ಓರೆಯಾಗಿ ಹೋಗಿ, ತಿರುಗಿ, ಇನ್ನೊಂದು ಕಡೆಗೆ ಓರೆಯಾಗಿ ಹೋಗಬೇಕು. ಆ ತಿರುವಿಗೆ ಟ್ಯಾಕ್ ಅನ್ನುತ್ತಾರೆ. ಮೊದಲ ಮಾರ್ಕನ್ನು, ಅಂದರೆ ಸುತ್ತಿ ಬರಬೇಕಾದ ಬೋಯನ್ನು, ಸಾಮಾನ್ಯವಾಗಿ ಗಾಳಿ ಬರುವ ಕಡೆಗೇ ಇಟ್ಟಿರುತ್ತಾರೆ, ಹಾಗಾಗಿ ಯಾವ ಕಡೆಯಿಂದ ಹೋಗಬೇಕು ಅನ್ನುವುದೇ ಮುಕ್ಕಾಲು ರೇಸು. ಗಾಳಿಯ ಹೊಡೆತ ಎಲ್ಲಿದೆ ಅಂತ ನೀರು ನೋಡಿದರೆ ಗೊತ್ತಾಗುತ್ತದೆ, ಗಾಳಿ ಹೊಡೆದ ಕಡೆ ನೀರು ಕಪ್ಪಗೆ ಕಾಣುತ್ತದೆ. ಗಾಳಿ ಜೋರಿದ್ದಾಗ ಎಲ್ಲರೂ ಮೇಲಿನ ಅಂಚಿನಲ್ಲಿ ಕೂತು ದೋಣಿ ಜಾಸ್ತಿ ವಾಲದ ಹಾಗೆ ಭಾರ ಹಾಕಬೇಕು. ಗಾಳಿ ತೀರಾ ಕಡಿಮೆ ಇದ್ದಾಗ ಉಲ್ಟಾ. ಕೆಳಗಿನ ಅಂಚಿಗೆ ಬಂದು ದೋಣಿಯನ್ನು ಬೇಕೆಂದೇ ವಾಲಿಸಬೇಕು, ಆಗ ಹಾಯಿ ತನ್ನ ಭಾರಕ್ಕೆ ಆಕಾರ ಹಿಡಿಯುತ್ತದೆ. ಆಗ ಯಾರೂ ಎದ್ದು ಓಡಾಡಬಾರದು. ಜೋರಾಗಿ ಕೆಮ್ಮಿದರೂ ಸ್ಕಿಪ್ಪರ್ ತಿರುಗಿ ನೋಡುತ್ತಾರೆ.

ಈಗ ಹಣದ ಪ್ರಶ್ನೆಗೆ ನಿಜವಾದ ಉತ್ತರ. ಒಪ್ಪಿಕೊಂಡೆ, ಹಳೆಯ ದೋಣಿ ಅಗ್ಗಕ್ಕೆ ಸಿಗುತ್ತದೆ. ಆದರೆ ಪಕ್ಕದವರು ಏಳೂವರೆ ಮೀಟರಿನ, ಹೊಸ ಹಾಯಿಯ ದೋಣಿ ತಂದರೆ? ಉದ್ದದ ದೋಣಿ ವೇಗವಾಗಿ ಹೋಗುವುದು ಭೌತಶಾಸ್ತ್ರ, ಅದಕ್ಕೆ ಯಾರೂ ಏನೂ ಮಾಡುವ ಹಾಗಿಲ್ಲ. ಆಗ ಹದಿನಾರು ಅಡಿಯ ಪ್ಲೈವುಡ್ ದೋಣಿಯವರು ಯಾಕೆ ಬರಬೇಕು?

ಅದಕ್ಕೇ ಹ್ಯಾಂಡಿಕ್ಯಾಪ್. ಟ್ರೈಲರ್ ದೋಣಿಗಳಿಗೆ ಆಸ್ಟ್ರೇಲಿಯಾದಲ್ಲಿ ಸಿಬಿಎಚ್ ಅಂತ ಒಂದು ಪದ್ಧತಿ ಇದೆ, ಕ್ಲಾಸ್ ಬೇಸ್ಡ್ ಹ್ಯಾಂಡಿಕ್ಯಾಪ್. ಪ್ರತಿ ಮಾದರಿಯ ದೋಣಿಗೂ ಒಂದು ಗುಣಕ ಕೊಟ್ಟಿರುತ್ತಾರೆ. ಆ ಮಾದರಿಯನ್ನು ಚೆನ್ನಾಗಿ ಓಡಿಸಿದರೆ ಎಷ್ಟು ವೇಗ ಹೋಗಬಲ್ಲದು ಅನ್ನುವುದರ ಲೆಕ್ಕ ಅದು. ನಿಮ್ಮ ಗಡಿಯಾರದ ಸಮಯಕ್ಕೆ ಆ ಗುಣಕ ಗುಣಿಸಿದರೆ ಬರುವುದೇ ನಿಮ್ಮ ಸಮಯ. ಒಂದು ಉದಾಹರಣೆ ಮಾಡೋಣ, ಅಂಕಿ ಲೆಕ್ಕದ ಅನುಕೂಲಕ್ಕೆ ನಾನೇ ಹಿಡಿದದ್ದು. ದೊಡ್ಡ ದೋಣಿಯ ಗುಣಕ 0.80. ಅದು 60 ನಿಮಿಷಕ್ಕೆ ಮುಗಿಸಿತು. 48 ನಿಮಿಷ ಆಯಿತು. ಚಿಕ್ಕ ದೋಣಿಯ ಗುಣಕ 0.60. ಅದು ಪಾಪ 78 ನಿಮಿಷ ತಗೊಂಡಿತು. ಗುಣಿಸಿದರೆ 46 ನಿಮಿಷ 48 ಸೆಕೆಂಡು. ಹದಿನೆಂಟು ನಿಮಿಷ ಹಿಂದೆ ಬಂದ ಚಿಕ್ಕ ದೋಣಿ ಒಂದು ನಿಮಿಷ ಹನ್ನೆರಡು ಸೆಕೆಂಡಿನಿಂದ ಗೆದ್ದಿತು! ದೊಡ್ಡ ದೋಣಿಯವರು ಅಷ್ಟರಲ್ಲಿ ಹಾಯಿ ಮಡಚಿ, ಕೈಲಿ ಬಿಯರ್ ಹಿಡಿದು, ದಡದಲ್ಲಿ ನಿಂತು ಗಡಿಯಾರ ನೋಡುತ್ತಿರುತ್ತಾರೆ. ಆ ಮುಖಗಳನ್ನು ನೋಡಲಿಕ್ಕಾದರೂ ನೀವು ಬರಬೇಕು.

ಇದು ದೋಣಿಯ ಲೆಕ್ಕ. ಓಡಿಸುವವರ ಲೆಕ್ಕ ಇನ್ನೊಂದಿದೆ. ಅದಕ್ಕೆ ಪರ್ಫಾರ್ಮೆನ್ಸ್ ಹ್ಯಾಂಡಿಕ್ಯಾಪ್ ಅನ್ನುತ್ತಾರೆ. ಇದರಲ್ಲಿ ನಿಮ್ಮ ಗುಣಕ ಪ್ರತಿ ರೇಸಾದ ಮೇಲೆ ಬದಲಾಗುತ್ತದೆ. ಗೆದ್ದರೆ ಏರುತ್ತದೆ, ಮುಂದಿನ ವಾರ ಗೆಲ್ಲುವುದು ಕಷ್ಟ. ಸೋತರೆ ಇಳಿಯುತ್ತದೆ. ಅಂದರೆ ನೀವು ಪೈಪೋಟಿ ಮಾಡುವುದು ಪಕ್ಕದ ದೋಣಿಯ ಜೊತೆ ಅಲ್ಲ, ಕಳೆದ ತಿಂಗಳ ನಿಮ್ಮ ಜೊತೆ. ಟಾಪ್‌ಯಾಟ್ ಅನ್ನುವ ಆಸ್ಟ್ರೇಲಿಯಾದ ಸಾಫ್ಟ್‌ವೇರ್ ಇದನ್ನೆಲ್ಲ ಲೆಕ್ಕ ಹಾಕುತ್ತದೆ. ಒಂದೇ ರೇಸಿಗೆ ಎರಡು ಫಲಿತಾಂಶದ ಪಟ್ಟಿ. ಒಂದರಲ್ಲಿ ಏಳನೆಯವರು ಇನ್ನೊಂದರಲ್ಲಿ ಮೊದಲು ಬರಬಹುದು.

ಇದರ ಬಗ್ಗೆ ಕ್ಲಬ್ಬುಗಳಲ್ಲಿ ಮುಗಿಯದ ಜಗಳ ಇದೆ. ಸಿಬಿಎಚ್ ಪಕ್ಷದವರು ಹೇಳುವುದು: ಚೆನ್ನಾಗಿ ಓಡಿಸಿದವರಿಗೆ ದಂಡ ಹಾಕುವುದು ಯಾವ ನ್ಯಾಯ? ಇನ್ನೊಂದರಲ್ಲಿ ಬಹುಮಾನ ಎಲ್ಲರಿಗೂ ಸರದಿ ಪ್ರಕಾರ ಬರುತ್ತದೆ, ಅದು ರೇಸೋ ಲಾಟರಿಯೋ? ಅವರ ಮಾತಲ್ಲಿ ಸತ್ಯ ಇಲ್ಲದಿಲ್ಲ. ಗುಣಕ ಇಳಿಯಲಿ ಅಂತ ಬೇಕೆಂದೇ ನಿಧಾನ ಹೋಗಿ, ದೊಡ್ಡ ರೇಸಿನ ದಿನ ಓಡುವವರ ಬಗ್ಗೆ ಗುಸುಗುಸು ಎಲ್ಲ ಕ್ಲಬ್ಬಿನಲ್ಲೂ ಇರುತ್ತದೆ. ಆದರೂ ನನ್ನ ಮತ ಎರಡನೆಯದಕ್ಕೆ. ಮೊದಲ ವರ್ಷ ಬಂದವರು ಒಮ್ಮೆಯೂ ಪಟ್ಟಿಯ ಮೇಲಿನ ಅರ್ಧ ನೋಡದಿದ್ದರೆ ಎರಡನೆಯ ವರ್ಷ ಅವರ ದೋಣಿ ಟಾರ್ಪಾಲಿನ ಕೆಳಗೇ ಇರುತ್ತದೆ. ಚೆನ್ನಾಗಿ ಓಡಿಸುವವರಿಗೆ ಸಿಬಿಎಚ್ ಪಟ್ಟಿ ಇದ್ದೇ ಇದೆಯಲ್ಲ.

ಹಾಗಂತ ಯಾವ ಗುಣಕವೂ ಗಾಳಿಯಿಂದ ಕಾಪಾಡುವುದಿಲ್ಲ. ದೊಡ್ಡವರು ಮುಗಿಸಿದ ಮೇಲೆ ಗಾಳಿ ಬಿದ್ದುಹೋದರೆ ಚಿಕ್ಕ ದೋಣಿಗಳು ಕೆರೆಯ ನಡುವೆ ನಿಂತೇಬಿಡುತ್ತವೆ. ಗಂಟೆ ಓಡುತ್ತಿರುತ್ತದೆ. ಅಂಥ ದಿನ ರೇಸ್ ಆಫೀಸರ್ ದಾರಿ ಮೊಟಕು ಮಾಡುತ್ತಾರೆ, ಮಾಡಬೇಕು. ಮಾಡದವರ ಹೆಸರು ಅವತ್ತು ಸಂಜೆಯೆಲ್ಲ ಬಾಯಿಂದ ಬಾಯಿಗೆ ಹೋಗುತ್ತದೆ.

"ಅಂಪೈರ್ ಯಾರು?" ಅಂತ ಹಿಂದಿನ ಸಾಲಿನಿಂದ ಪ್ರಶ್ನೆ ಬಂತು. ಕ್ರಿಕೆಟ್ ಆಡಿದವರ ಪ್ರಶ್ನೆ.

ಅಂಪೈರ್ ಇಲ್ಲ. ಕ್ಲಬ್ ರೇಸಿನಲ್ಲಿ ನೀರಿನ ಮೇಲೆ ಯಾರೂ ಸೀಟಿ ಊದುವುದಿಲ್ಲ. ನಿಯಮದ ಪುಸ್ತಕ ದೊಡ್ಡದೇ, ನಾಲ್ಕು ವರ್ಷಕ್ಕೊಮ್ಮೆ ಪರಿಷ್ಕಾರವಾಗುತ್ತದೆ. ಆದರೆ ಮೂರು ಗೊತ್ತಿದ್ದರೆ ಭಾನುವಾರ ಕಳೆಯಬಹುದು. ಗಾಳಿ ದೋಣಿಯ ಬಲಗಡೆಯಿಂದ ಬರುತ್ತಿದ್ದರೆ ನಿಮಗೆ ದಾರಿ, ಗಾಳಿ ಎಡಗಡೆಯಿಂದ ಬರುತ್ತಿರುವ ದೋಣಿಯವರು ತಪ್ಪಿಸಿಕೊಳ್ಳಬೇಕು. ಇಬ್ಬರಿಗೂ ಒಂದೇ ಕಡೆಯಿಂದ ಬರುತ್ತಿದ್ದರೆ ಗಾಳಿಯ ಕಡೆಗಿರುವ ದೋಣಿ ಸರಿದುಕೊಳ್ಳಬೇಕು. ಹಿಂದಿನಿಂದ ಬರುವವರು ಮುಂದಿನವರಿಗೆ ಗುದ್ದಬಾರದು. ಮಾರ್ಕ್ ಸುತ್ತುವಾಗ ಒಳಗಿನವರಿಗೆ ಜಾಗ ಬಿಡುವುದು ಇನ್ನೊಂದು ದೊಡ್ಡ ಅಧ್ಯಾಯ, ಅದರ ಬಗ್ಗೆ ಮಾತಾಡಿದರೆ ಊಟ ತಣ್ಣಗಾಗುತ್ತದೆ.

ತಪ್ಪು ಮಾಡಿದರೆ ನಿಮಗೆ ನೀವೇ ಶಿಕ್ಷೆ ಕೊಟ್ಟುಕೊಳ್ಳಬೇಕು. ದಾರಿ ಬಿಡಬೇಕಾದ ಕಡೆ ಬಿಡದೆ ಹೋದರೆ ಅಲ್ಲೇ ಎರಡು ಸುತ್ತು ತಿರುಗಬೇಕು. ಮಾರ್ಕಿಗೆ ತಗುಲಿದರೆ ಒಂದು ಸುತ್ತು. ಯಾರೂ ನೋಡಲಿಲ್ಲ ಅಂದರೂ ಸರಿ. ಇಬ್ಬರೂ ನಾನೇ ಸರಿ ಅಂದರೆ, ಒಬ್ಬರು "ಪ್ರೊಟೆಸ್ಟ್" ಅಂತ ಕೂಗಬೇಕು, ಆರು ಮೀಟರ್ ಅಥವಾ ಅದಕ್ಕಿಂತ ಉದ್ದದ ದೋಣಿಯಾದರೆ ಕೆಂಪು ಬಾವುಟವನ್ನೂ ತೋರಿಸಬೇಕು. ಆಮೇಲೆ ಸಂಜೆ ಕ್ಲಬ್ಬಿನ ಒಳಕೋಣೆಯಲ್ಲಿ ವಿಚಾರಣೆ. ಮೇಜಿನ ಮೇಲೆ ಪುಟ್ಟ ಆಟಿಕೆ ದೋಣಿಗಳನ್ನು ಇಟ್ಟು ನೀನು ಇಲ್ಲಿದ್ದೆ, ನಾನು ಅಲ್ಲಿದ್ದೆ ಅಂತ ತೋರಿಸುತ್ತಾರೆ. ಅರವತ್ತು ದಾಟಿದ ಇಬ್ಬರು, ಒಬ್ಬರು ಡಾಕ್ಟರು, ಒಬ್ಬರು ಪ್ಲಂಬರು, ಆಟಿಕೆ ದೋಣಿ ಹಿಡಿದು ವಾದ ಮಾಡುವುದನ್ನು ನಾನು ನೋಡಿದ್ದೇನೆ. ತೀರ್ಪು ಬಂದ ಮೇಲೆ ಇಬ್ಬರೂ ಒಟ್ಟಿಗೆ ಬಾರ್ಬೆಕ್ಯೂ ಸಾಲಿಗೆ ಬಂದರು. ನಮ್ಮಂಥ ಸಸ್ಯಾಹಾರಿಗಳಿಗೆ ಅಲ್ಲಿ ಸಿಗುವುದು ಬ್ರೆಡ್ಡು ಮತ್ತು ಹುರಿದ ಈರುಳ್ಳಿ, ಮೊದಲೇ ಹೇಳಿಬಿಡುತ್ತೇನೆ.

ಟ್ರೈಲರಿನ ಇನ್ನೊಂದು ಲಾಭ ಹೇಳಲೇಬೇಕು. ಊರಿನ ಕೆರೆ ಬೇಜಾರಾದರೆ ದೋಣಿ ಕಟ್ಟಿಕೊಂಡು ಹೊರಟುಬಿಡಬಹುದು. ಜನವರಿಯಲ್ಲಿ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಮಿಲಾಂಗ್‌ನಿಂದ ಗೂಲ್ವಾವರೆಗೆ ರೇಸು. ಮರ‍್ರೆ ನದಿ ಸಮುದ್ರ ಸೇರುವ ಮೊದಲು ಹರಡಿಕೊಳ್ಳುವ ಲೇಕ್ ಅಲೆಕ್ಸಾಂಡ್ರಿನಾ ದಾಟಿ ಹೋಗಬೇಕು. ವಿಕ್ಟೋರಿಯಾದ ಗಿಪ್ಸ್‌ಲ್ಯಾಂಡ್ ಕೆರೆಗಳಲ್ಲಿ ಮಾರ್ಲೆ ಪಾಯಿಂಟ್ ಅನ್ನುವ ಜಾಗದಿಂದ ಪೇನ್ಸ್‌ವಿಲ್‌ವರೆಗೆ ರಾತ್ರಿಯಿಡೀ ನಡೆಯುತ್ತಿದ್ದ ರೇಸು 1969ರಲ್ಲಿ ಶುರುವಾಗಿತ್ತು. ಮಾರ್ಚಿನ ಉದ್ದ ರಜೆಯಲ್ಲಿ ನೂರಾರು ಟ್ರೈಲರ್ ದೋಣಿಗಳು. ಲೇಕ್ ವೆಲಿಂಗ್ಟನ್ ದಾಟಿ, ಮೆಕ್‌ಲೆನನ್ ಸ್ಟ್ರೇಟ್ ಅನ್ನುವ ಇಕ್ಕಟ್ಟಿನ ಕಾಲುವೆಯಲ್ಲಿ ಕತ್ತಲಲ್ಲಿ ಒಬ್ಬರ ಹಿಂದೆ ಒಬ್ಬರು ನುಗ್ಗುತ್ತಿದ್ದರಂತೆ. ಅದರಲ್ಲಿ ಓಡಿದ ಹಳಬರು ಕಥೆ ಹೇಳಲು ಶುರು ಮಾಡಿದರೆ ಡ್ಯೂಟಿಯವರು ಕ್ಲಬ್ಬಿನ ದೀಪ ಆರಿಸಿದರೂ ಎದ್ದೇಳುವುದಿಲ್ಲ. ಮರೀನಾದಲ್ಲಿ ದೊಡ್ಡ ದೋಣಿ ನಿಲ್ಲಿಸಿಕೊಂಡವರಿಗೆ ಇಂಥ ದೂರದ ಕೆರೆಗೆ ಬರಲು ಆಗುವುದೇ ಇಲ್ಲ. ಇಲ್ಲಿ ಮಾತ್ರ ಚಿಕ್ಕ ದೋಣಿಯವರಿಗೇ ಮೇಲುಗೈ.

ಊರಲ್ಲಿ ಇದೆಲ್ಲ ಇದೆಯಾ ಅಂತ ಕೇಳಿದರು. ಇದೆ. ಕೆಆರ್‌ಎಸ್ ಹಿನ್ನೀರಿನಲ್ಲಿ ರಾಯಲ್ ಮೈಸೂರ್ ಸೇಲಿಂಗ್ ಕ್ಲಬ್ ಇದೆ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೇನೆಯ ಮದ್ರಾಸ್ ಸ್ಯಾಪರ್ಸ್‌ನವರು ಹಾಯಿ ಓಡಿಸುತ್ತಾರೆ. ಕರಾವಳಿಯ ಹಿರಿಯರಿಗೆ ಮಂಗಳೂರು ಹಂಚು ಹೊತ್ತು ಹೋಗುತ್ತಿದ್ದ ಮಂಜಿ ಎಂಬ ಹಾಯಿಹಡಗುಗಳ ನೆನಪೂ ಇರಬಹುದು. ನಾನು ತಿಪಟೂರು ಕಡೆಯವಳು. ನನಗೆ ಇದೆಲ್ಲ ಇಲ್ಲಿಗೆ ಬಂದ ಮೇಲೇ ಗೊತ್ತಾದದ್ದು.

ಕೊನೆಯದಾಗಿ, ಬರುವುದು ಹೇಗೆ. ದೋಣಿ ಕೊಳ್ಳಬೇಡಿ. ಮೊದಲ ವರ್ಷ ಖಂಡಿತ ಬೇಡ. ಪ್ರತಿ ಸ್ಕಿಪ್ಪರ್‌ಗೂ ಕ್ರೂ, ಅಂದರೆ ದೋಣಿಯಲ್ಲಿ ಕೈಜೋಡಿಸುವವರ ಕೊರತೆ ಇರುತ್ತದೆ. ಕ್ಲಬ್ಬಿಗೆ ಫೋನ್ ಮಾಡಿ, ಕ್ರೂ ಆಗಿ ಬರುತ್ತೇನೆ ಅಂದರೆ ಸಾಕು. ಬೇಸಿಗೆಯಲ್ಲಿ ವಾರದ ದಿನ ಸಂಜೆ ಟ್ವೈಲೈಟ್ ರೇಸು ನಡೆಯುತ್ತದೆ, ಹೊಸಬರಿಗೆ ಅದೇ ಒಳ್ಳೆಯದು, ಯಾರೂ ಅಷ್ಟು ಗಂಭೀರವಾಗಿರುವುದಿಲ್ಲ. ಏಳರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಟ್ಯಾಕರ್ಸ್ ಅಂತ ಬೇರೆ ತರಗತಿ ಇದೆ.

ಮುಂದಿನ ಸಾಲಿನ ಅಮ್ಮ ಒಬ್ಬರು: "ಈಜು ಬರಲೇಬೇಕೇನಮ್ಮಾ? ನಿನಗೆ ಬರತ್ತಾ?"

ಬಂದರೆ ಒಳ್ಳೆಯದಮ್ಮಾ. ನನಗೆ ಸುಮಾರಾಗಿ ಬರುತ್ತದೆ, ಇಲ್ಲಿಗೆ ಬಂದ ಮೇಲೆ ಮಗಳ ಜೊತೆ ಕಲಿತೆ. ಆದರೆ ನೀರಿಗೆ ಬಿದ್ದವರನ್ನು ತೇಲಿಸುವುದು ಈಜಲ್ಲ, ಲೈಫ್‌ಜಾಕೆಟ್ಟು. ಅದನ್ನು ದಡದಲ್ಲೇ ಹಾಕಿಕೊಂಡು, ಪಟ್ಟಿ ಬಿಗಿದು, ಯಾರಾದರೂ ಹೆಗಲ ಹತ್ತಿರ ಹಿಡಿದು ಎತ್ತಿದರೆ ಗಲ್ಲದವರೆಗೆ ಬರದ ಹಾಗೆ ಇರಬೇಕು. ಕೆರೆಯ ನೀರು ಅಕ್ಟೋಬರಿನಲ್ಲೂ ಮೈ ಕೊರೆಯುತ್ತದೆ, ಒಳಗೆ ಉಣ್ಣೆ ಅಂಗಿ ಇರಲಿ. ಸೀರೆ ಬೇಡ, ಜೀನ್ಸೂ ಬೇಡ, ಒದ್ದೆಯಾದರೆ ಭಾರ. ಕಪ್ಪು ಅಟ್ಟೆಯ ಬೂಟು ಬಿಳಿ ಡೆಕ್ ಮೇಲೆ ಗೀರು ಬಿಡುತ್ತದೆ, ಬಿಳಿ ಅಟ್ಟೆಯದು ತನ್ನಿ. ಟೋಪಿಗೆ ಒಂದು ದಾರ ಕಟ್ಟಿಕೊಳ್ಳಿ. ಕನ್ನಡಕಕ್ಕೂ.